ಕಾರ್ಲೈಲ್ ಶಾಲೆಯ ಜಿಮ್ ಥೋರ್ಪ್

ಫುಟ್ಬಾಲ್ ಎಂದೊಡನೆ ನಮ್ಮ ಮಕ್ಕಳ ಕಣ್ಣೆದುರು ನಿಲ್ಲುವುದು ಉರುಟಾದ ಚೆಂಡು. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಸುಲಿಯದ ತೆಂಗಿನಕಾಯಿಯಂತೆ ಎರಡು ತುದಿ ಚೂಪಾಗಿರುತ್ತದೆ. ಆಟಗಾರ ಅದನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಓಡಬಹುದು, ಗೆಳೆಯನಿಗೆ ಎಸೆಯಬಹುದು, ಕಂಬಗಳ ನಡುವೆ ಒದೆಯಲೂಬಹುದು. ಶತಮಾನದ ಹಿಂದೆ ಈ ಆಟ ದೊಡ್ಡ ಕಾಲೇಜುಗಳ ಪ್ರತಿಷ್ಠೆಯ ವಸ್ತುವಾಗಿತ್ತು. ಆ ಕಾಲೇಜುಗಳನ್ನೆಲ್ಲ ತಲೆತಗ್ಗಿಸುವಂತೆ ಮಾಡಿದ ಒಂದು ಸಣ್ಣ ಶಾಲೆಯ, ಅದರ ಒಬ್ಬ ವಿದ್ಯಾರ್ಥಿಯ ಕತೆಯನ್ನು ಇಂದು ಹೇಳಲಿದ್ದೇವೆ.

ಜಿಮ್ ಥೋರ್ಪ್ ಹುಟ್ಟಿದ್ದು 1887ರಲ್ಲಿ, ಇಂದಿನ ಒಕ್ಲಹೋಮ ರಾಜ್ಯದಲ್ಲಿ. ಸಾಕ್ ಮತ್ತು ಫಾಕ್ಸ್ ಎಂಬ ಮೂಲನಿವಾಸಿ ಜನಾಂಗದ ಹುಡುಗ. ತಾಯಿ ಇಟ್ಟ ಹೆಸರು ವಾ-ಥೋ-ಹಕ್. ಬೆಳಗಿದ ಹಾದಿ ಎಂದು ಅದರ ಅರ್ಥ. ಅವಳಿಯಾಗಿ ಹುಟ್ಟಿದ ತಮ್ಮ ಚಾರ್ಲಿ ಎಳವೆಯಲ್ಲೇ ತೀರಿಕೊಂಡ. ಕೆಲವು ವರ್ಷಗಳಲ್ಲಿ ತಾಯಿ, ಮತ್ತೆ ತಂದೆಯೂ ಹೋದರು. 1904ರಲ್ಲಿ ಹುಡುಗ ಪೆನ್ಸಿಲ್ವೇನಿಯದ ಕಾರ್ಲೈಲ್ ಎಂಬ ಊರಿನ ಇಂಡಿಯನ್ ಶಾಲೆಗೆ ಸೇರಿದ.

ಆ ಶಾಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ರಿಚರ್ಡ್ ಪ್ರಾಟ್ ಎಂಬ ಸೈನ್ಯಾಧಿಕಾರಿ 1879ರಲ್ಲಿ ಹಳೆಯ ಸೈನಿಕ ಬಿಡಾರದಲ್ಲಿ ಅದನ್ನು ತೆರೆದ. ಮಗುವಿನಿಂದ ಅದರ ಕುಲದ ಗುರುತುಗಳನ್ನೆಲ್ಲ ಅಳಿಸಿದರೆ ಮಾತ್ರ ಅದು ಮನುಷ್ಯನಾದೀತು ಎಂಬುದು ಆತನ ನಂಬಿಕೆ. ಬಂದ ದಿನವೇ ಮಕ್ಕಳ ಉದ್ದ ಕೂದಲನ್ನು ಕತ್ತರಿಸುತ್ತಿದ್ದರು, ಇಂಗ್ಲಿಷ್ ಹೆಸರಿಡುತ್ತಿದ್ದರು. ತಾಯ್ನುಡಿಯನ್ನು ಆಡುವುದು ಶಿಕ್ಷೆಗೆ ಗುರಿಯಾಗುವ ತಪ್ಪಾಗಿತ್ತು. ರಜೆಯಲ್ಲಿ ಮಕ್ಕಳನ್ನು ಮನೆಗೆ ಕಳುಹಿಸುವ ಬದಲು ಬಿಳಿಯರ ಹೊಲಮನೆಗಳಿಗೆ ಕೆಲಸಕ್ಕೆ ಕಳುಹಿಸುತ್ತಿದ್ದುದೇ ಹೆಚ್ಚು. ಊರಿಗೆ ಮರಳದ ನೂರೆಂಬತ್ತಕ್ಕೂ ಹೆಚ್ಚು ಮಂದಿಯ ಗೋರಿಗಳು ಅಲ್ಲಿದ್ದವು. ತಾಯ್ನುಡಿಯಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಈ ಸಂಗತಿಯನ್ನು ಓದಿ ಮುಂದೆ ಹೋಗುವುದು ಸುಲಭವಲ್ಲ.

1907ರಲ್ಲಿ ಒಂದು ದಿನ ಥೋರ್ಪ್ ಮೈದಾನದ ಬದಿಯಲ್ಲಿ ನಡೆದು ಹೋಗುತ್ತಿದ್ದ. ಎತ್ತರ ಜಿಗಿತದವರು ಸೋತು ನಿಂತಿದ್ದ 5 ಅಡಿ 9 ಇಂಚಿನ ಕೋಲನ್ನು, ಕೆಲಸದ ಉಡುಪಿನಲ್ಲೇ ಜಿಗಿದು ದಾಟಿದ. ಸುದ್ದಿ ತರಬೇತುದಾರ ಗ್ಲೆನ್ ವಾರ್ನರ್‌ಗೆ ಮುಟ್ಟಿತು. ಅಲ್ಲಿಂದ ಹುಡುಗನ ಆಟದ ಜೀವನ ಆರಂಭವಾಯಿತು. ನಡುವೆ 1909 ಮತ್ತು 1910ರಲ್ಲಿ ಶಾಲೆ ಬಿಟ್ಟು, ಉತ್ತರ ಕೆರೊಲಿನದ ಸಣ್ಣ ತಂಡಗಳಲ್ಲಿ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ. ಈ ಅಲ್ಪ ಹಣವೇ ಮುಂದೆ ಅವನಿಗೆ ಮುಳುವಾಯಿತು.

1911ರಲ್ಲಿ ಮರಳಿ ಬಂದ ಥೋರ್ಪ್ ಹಾರ್ವರ್ಡ್ ವಿಶ್ವವಿದ್ಯಾಲಯದ ವಿರುದ್ಧ, ಪೆಟ್ಟಾದ ಕಾಲಿಗೆ ಬಟ್ಟೆ ಸುತ್ತಿಕೊಂಡೇ, ಚೆಂಡನ್ನು ನಾಲ್ಕು ಸಲ ಕಂಬಗಳ ನಡುವೆ ಒದೆದ. ಕಾರ್ಲೈಲ್ 18–15ರಿಂದ ಗೆದ್ದಿತು. ಮರುವರ್ಷ ಬೇಸಿಗೆಯಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನದ ಪದಕ ಪಡೆದ. ಪದಕ ಹೊತ್ತು ಬಂದವನು ಮತ್ತೆ ಶಾಲೆಯ ತಂಡದ ಉಡುಪು ತೊಟ್ಟ.

1912ರ ಆ ಋತುವಿನಲ್ಲಿ ಕಾರ್ಲೈಲ್ ಹದಿನಾಲ್ಕು ಪಂದ್ಯಗಳನ್ನು ಆಡಿತು. ಹನ್ನೆರಡರಲ್ಲಿ ಗೆಲುವು, ಒಂದು ಸಮ, ಒಂದು ಸೋಲು. ಹುಡುಗರು ದೇಹದಲ್ಲಿ ಎದುರಾಳಿಗಳಿಗಿಂತ ಹಗುರ. ಪಂದ್ಯಗಳು ಹೆಚ್ಚಾಗಿ ಪರರ ಮೈದಾನದಲ್ಲಿ. ರೈಲು ಪ್ರಯಾಣ ಮುಗಿಯುವುದೇ ಇಲ್ಲ. ಬಲಕ್ಕೆ ಬಲ ಹಚ್ಚುವ ಬದಲು ವೇಗ, ಮೋಸದ ನಡೆ, ಚುರುಕು ಎಸೆತಗಳನ್ನು ಅವರು ರೂಢಿಸಿಕೊಂಡರು. ತಂಡದ ಅಂಕಗಳು ಐನೂರು ದಾಟಿದವು. ಅದರಲ್ಲಿ ಇನ್ನೂರರ ಆಸುಪಾಸು ಥೋರ್ಪ್ ಒಬ್ಬನದೇ.

ನವೆಂಬರ್ 9ರಂದು ಎದುರಾದದ್ದು ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ತಂಡ. ಅದು ಬರಿಯ ಆಟವಾಗಿರಲಿಲ್ಲ. ಅಮೆರಿಕದ ಸೈನ್ಯ 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಲಕೋಟ ಜನರನ್ನು, ಹೆಂಗಸರು ಮಕ್ಕಳೆನ್ನದೆ ಕೊಂದು ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ಸೈನ್ಯಾಧಿಕಾರಿಗಳಾಗಲಿದ್ದ ಯುವಕರನ್ನು ಮೂಲನಿವಾಸಿ ಹುಡುಗರು ಆ ದಿನ 27–6ರಿಂದ ಸೋಲಿಸಿದರು. ಸೋತ ತಂಡದಲ್ಲಿ ಐಸೆನ್‌ಹೋವರ್ ಎಂಬ ತರುಣನಿದ್ದ. 1953ರಲ್ಲಿ ಅವನು ಅಮೆರಿಕದ ಅಧ್ಯಕ್ಷನಾದ. ಒಂದು ವಾರದ ಬಳಿಕ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದೆದುರು ತಂಡ 34–26ರಿಂದ ಸೋತಿತು. ಆದರೂ ಬ್ರೌನ್ ವಿಶ್ವವಿದ್ಯಾಲಯವನ್ನು 32–0ರಿಂದ ಸೋಲಿಸಿ ಥೋರ್ಪ್ ಶಾಲೆಯ ಆಟ ಮುಗಿಸಿದ.

ಎರಡೇ ತಿಂಗಳಲ್ಲಿ ಆಕಾಶ ಕುಸಿಯಿತು. ಅವನು ಹಣಕ್ಕೆ ಬೇಸ್‌ಬಾಲ್ ಆಡಿದ್ದ ವಿಷಯ 1913ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂತು. ಆಕ್ಷೇಪ ಮೂವತ್ತು ದಿನಗಳೊಳಗೆ ಬರಬೇಕೆಂಬ ನಿಯಮವಿದ್ದರೂ ಲೆಕ್ಕಿಸದೆ ಪದಕಗಳನ್ನು ಕಿತ್ತುಕೊಂಡರು. ತಮಗೇನೂ ತಿಳಿದಿರಲಿಲ್ಲವೆಂದು ತರಬೇತುದಾರರೂ ಶಾಲೆಯ ಮೇಲ್ವಿಚಾರಕರೂ ಕೈತೊಳೆದುಕೊಂಡರು. ಅದೇ ಶಾಲೆಯ ಬೇರೆ ಹುಡುಗರೂ ಅವನೊಡನೆ ಹೋಗಿ ಆಡಿದ್ದರಿಂದ, ಅನೇಕ ಚರಿತ್ರಕಾರರು ಈ ಮಾತನ್ನು ನಂಬುವುದಿಲ್ಲ. ಶಿಷ್ಯನ ಗೆಲುವಿನಲ್ಲಿ ಪಾಲು ಪಡೆದ ಗುರುಗಳು ಅವನ ಕಷ್ಟದಲ್ಲಿ ದೂರ ಸರಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲವೆಂದು ನಮಗನಿಸುತ್ತದೆ.

ಥೋರ್ಪ್ ಕುಗ್ಗಲಿಲ್ಲ. ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಬೇಸ್‌ಬಾಲ್, ಕ್ಯಾಂಟನ್ ಊರಿನ ತಂಡದಲ್ಲಿ ಫುಟ್ಬಾಲ್ ಆಡಿದ. 1920ರಲ್ಲಿ ಸ್ಥಾಪನೆಯಾದ ವೃತ್ತಿಪರ ಫುಟ್ಬಾಲ್ ಸಂಘದ, ಅಂದರೆ ಮುಂದಿನ ಎನ್.ಎಫ್.ಎಲ್.ನ, ಮೊದಲ ಅಧ್ಯಕ್ಷನಾದ. ಅವನ ಶಾಲೆ 1918ರಲ್ಲೇ ಮುಚ್ಚಿತ್ತು. ದೇಶದ ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ದೊರೆತದ್ದು 1924ರಲ್ಲಿ. ಆಟ ನಿಂತ ಮೇಲೆ ಬಡತನ ಬೆನ್ನು ಹತ್ತಿತು. ಮಣ್ಣು ಅಗೆದ, ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ, ಕುಡಿತಕ್ಕೂ ಬಿದ್ದ. ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟುವೆಂದು ಪತ್ರಕರ್ತರು 1950ರಲ್ಲಿ ಆರಿಸಿದವನು, ಮರುವರ್ಷ ತುಟಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಕೈಯಲ್ಲಿ ಕಾಸಿಲ್ಲದೆ ಪರರ ದಯೆಗೆ ಕಾಯಬೇಕಾಯಿತು. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ.

1982ರಲ್ಲಿ ಒಲಿಂಪಿಕ್ ಸಮಿತಿ ಅವನನ್ನು ಜಂಟಿ ವಿಜೇತನೆಂದಿತು. ಮರುವರ್ಷ ಮಕ್ಕಳ ಕೈಗೆ ಪದಕದ ಪ್ರತಿರೂಪಗಳು ಬಂದವು. ಎರಡು ಸ್ಪರ್ಧೆಗಳಿಗೂ ಅವನೊಬ್ಬನೇ ವಿಜೇತನೆಂದು ಒಪ್ಪಿಕೊಂಡದ್ದು 2022ರ ಜುಲೈಯಲ್ಲಿ, ಗೆದ್ದು ನೂರಹತ್ತು ವರ್ಷಗಳಾದ ಮೇಲೆ.  ಜಿಮ್ ಥೋರ್ಪ್ ಎಂಬುದರ ಜೊತೆಯಲ್ಲಿ ವಾ-ಥೋ-ಹಕ್ ಎಂಬುದನ್ನೂ ಜನ ಓದಿದರು. ಯಾವ ನುಡಿಯನ್ನು ಶಾಲೆ ಅಳಿಸಹೊರಟಿತೋ, ಆ ನುಡಿಯಲ್ಲಿ ತಾಯಿ ಕರೆದ ಹೆಸರು ಉಳಿದುಕೊಂಡಿತು.