ಕನ್ನಡದಲ್ಲಿ ಭೌತವಿಜ್ಞಾನ ಕಟ್ಟಿದ ಬೆಳ್ಳಾವೆಯವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಹಿರಿಯರೊಬ್ಬರ ಜೀವನಚಿತ್ರ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಮೇಲುಕೋಟೆಯವನಾದ ನಾನು ಪುತಿನ ಅವರ ಬಗ್ಗೆ ಬರೆಯುತ್ತೇನೆಂದೇ ಎಲ್ಲರೂ ಎಣಿಸಿರಬೇಕು. ಅವರ ಬಗ್ಗೆ ಬರೆಯಬಲ್ಲವರು ನಮ್ಮೂರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಳ್ಳಿಯ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ, ಅವರ ಉತ್ತರಪತ್ರಿಕೆ ತಿದ್ದಿದ ನಾನು ಬೆಳ್ಳಾವೆ ವೆಂಕಟನಾರಣಪ್ಪನವರ ಋಣದಲ್ಲಿದ್ದೇನೆ.

ಅವರು ಹುಟ್ಟಿದ್ದು 1872ರಲ್ಲಿ. ಹೆಸರಿನ ಮುಂದಿರುವ ಬೆಳ್ಳಾವೆ ತುಮಕೂರು ಜಿಲ್ಲೆಯ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಪಾಠ, ಪ್ರಯೋಗ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಶಾಸ್ತ್ರವನ್ನು ಇಂಗ್ಲಿಷ್ ಬಾರದ ಜನರಿಗೂ ತಲುಪಿಸಲು ಅವರು ಹೊರಟರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತೆಗೆದರು. ಅದು ನಡೆದದ್ದು ಸುಮಾರು ಎರಡೇ ವರ್ಷ. ಆಯುಷ್ಯ ಕಡಿಮೆಯೆಂದು ಅದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ.

ಆ ಕೆಲಸ ಎಷ್ಟು ಕಷ್ಟದ್ದೆಂದು ಪಾಠ ಮಾಡಿದವರಿಗೇ ಗೊತ್ತು. ಮಾತಿನಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ಭೌತವಿಜ್ಞಾನದಲ್ಲಿ ಮೂರೂ ಬೇರೆ ಬೇರೆ. ನಾನು ಒಂಬತ್ತನೆಯ ತರಗತಿಗೆ ಇದನ್ನು ಹೇಳಿಕೊಟ್ಟದ್ದು ನಮ್ಮ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲಿನ ಮೇಲೆ. ಒಂದೇ ತೂಕದ ಇಬ್ಬರು ಬುಡದಿಂದ ತುದಿಗೆ ಹತ್ತಿದರೆ ಗುರುತ್ವಕ್ಕೆ ಎದುರಾಗಿ ಇಬ್ಬರೂ ಮಾಡಿದ ಕೆಲಸ ಅಷ್ಟೇ. ಬೇಗ ಹತ್ತಿದವನ ಸಾಮರ್ಥ್ಯ ಹೆಚ್ಚು, ಏಕೆಂದರೆ ಅವನು ಅದೇ ಕೆಲಸವನ್ನು ಕಡಿಮೆ ಸಮಯದಲ್ಲಿ ಮುಗಿಸಿದ. ಪರೀಕ್ಷೆಯಲ್ಲಿ ಇದೇ ಎರಡು ಅಂಕದ ಪ್ರಶ್ನೆಯಾಯಿತು. ಒಬ್ಬ ಹುಡುಗಿ ಕೆಲಸ ಇಬ್ಬರದೂ ಸಮ, ಬೇಗ ಹೋದವನಿಗೆ ಕಸುವು ಜಾಸ್ತಿ ಎಂದು ಬರೆದಿದ್ದಳು. ಇನ್ನೊಬ್ಬ ಪುಸ್ತಕದ ವ್ಯಾಖ್ಯೆಯನ್ನು ಅಕ್ಷರ ತಪ್ಪದೆ ಬರೆದು, ಬೆಟ್ಟದ ಲೆಕ್ಕದಲ್ಲಿ ನಿಧಾನ ಹತ್ತಿದವನು ಕಡಿಮೆ ಕೆಲಸ ಮಾಡಿದನೆಂದು ಮುಗಿಸಿದ್ದ. ಇಬ್ಬರಿಗೂ ಒಂದೊಂದು ಅಂಕ ಕೊಟ್ಟೆ. ಸಿಬ್ಬಂದಿ ಕೊಠಡಿಯಲ್ಲಿ ಇದಕ್ಕೆ ಅರ್ಧ ದಿನ ಚರ್ಚೆಯಾಯಿತು! ಹುಡುಗಿಗೆ ವಿಷಯ ತಿಳಿದಿತ್ತು, ಕಸುವಿನ ಜಾಗದಲ್ಲಿ ಸಾಮರ್ಥ್ಯ ಎಂಬ ಪದ ಇಡುವುದನ್ನು ಕಲಿಸುವುದು ಬಾಕಿಯಿತ್ತು. ಹುಡುಗನದು ಅದಕ್ಕಿಂತ ದೊಡ್ಡ ಬಾಕಿ. ಪದವೂ ಬೇಕು, ಪದದೊಳಗೆ ತಿಳಿವಳಿಕೆಯೂ ಬೇಕು. ಕನ್ನಡದಲ್ಲಿ ಶಾಸ್ತ್ರ ಬರೆಯಲು ಕುಳಿತ ವೆಂಕಟನಾರಣಪ್ಪನವರಿಗೂ ಇದೇ ಕಷ್ಟ ಎದುರಾಗಿರಬೇಕು.

ಹಳಗನ್ನಡದಲ್ಲೂ ಅವರಿಗೆ ಆಳವಾದ ಪರಿಶ್ರಮವಿತ್ತು. ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ಅವರು ಸಂಪಾದಿಸಿದ ಪಂಪಭಾರತ 1931ರಲ್ಲಿ ಹೊರಬಂತು. ಭೌತವಿಜ್ಞಾನದ ಮೇಷ್ಟ್ರು ಪಂಪನ ಪಾಠಾಂತರಗಳನ್ನು ತೂಗಿ ನೋಡಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಿವೃತ್ತಿಯ ನಂತರವೂ ಸುಮ್ಮನಿರದೆ 'ಜೀವವಿಜ್ಞಾನ' ಬರೆದರು. 1943ರಲ್ಲಿ ತೀರಿಕೊಂಡರು.

ಇಂದು ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿಯ 80 ಅಂಕದ ವಿಜ್ಞಾನ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲೇ ಬರೆಯುತ್ತಾರೆ. ಊರಿನ ಹಿರಿಯರಲ್ಲಿ ಒಂದು ಬೇಡಿಕೆ: ಹಳೆಯ ಮನೆಗಳ ಅಟ್ಟದಲ್ಲಿ 'ವಿಜ್ಞಾನ'ದ ಸಂಚಿಕೆಗಳೇನಾದರೂ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ ಅವಕ್ಕೆ ಜಾಗವಿದೆ.