ಮೆದುಳಿನ ಬುಡಕ್ಕೆ ದಾರಿ ಹುಡುಕಿದ ಹಾರ್ವಿ ಕುಶಿಂಗ್

ಮೆದುಳಿನ ಬುಡದಲ್ಲಿ, ಕಣ್ಣುಗಳ ಹಿಂಬದಿಯ ಎಲುಬಿನ ಗುಳಿಯೊಳಗೆ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ ಅಡಗಿದೆ. ಅದರ ಮೇಲ್ಭಾಗದಲ್ಲೇ ದೃಷ್ಟಿನರಗಳು ಹಾದುಹೋಗುತ್ತವೆ. ಅಲ್ಲೊಂದು ಗಡ್ಡೆ ಬೆಳೆದರೆ ಹಾರ್ಮೋನುಗಳ ಸಮತೋಲ ತಪ್ಪುತ್ತದೆ. ನೋಟ ಕ್ರಮೇಣ ಮಂಜಾಗುತ್ತದೆ. ಶತಮಾನದ ಹಿಂದೆ ಇಂಥ ಅನೇಕ ರೋಗಿಗಳಿಗೆ ಕುರುಡುತನ, ಸಾವೇ ಗತಿಯಾಗಿತ್ತು. ಅವರಿಗೆ ಆಸರೆಯಾದವರಲ್ಲಿ ಪ್ರಮುಖರು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್.

1869ರ ಏಪ್ರಿಲ್ 8ರಂದು ಕ್ಲೀವ್‌ಲ್ಯಾಂಡಿನ ವೈದ್ಯ ಮನೆತನದಲ್ಲಿ ಜನಿಸಿದ ಕುಶಿಂಗ್, 1895ರಲ್ಲಿ ಹಾರ್ವರ್ಡ್‌ನಿಂದ ವೈದ್ಯಪದವಿ ಪಡೆದರು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅವರ ಬಳಿ ಪಳಗಿದರು.

ಆಗ ಸ್ಕ್ಯಾನಿಂಗ್ ಇರಲಿಲ್ಲ. ಎಕ್ಸ್‌ರೇಯಲ್ಲಿ ಗ್ರಂಥಿಯ ಗುಳಿ ಹಿಗ್ಗಿದೆಯೇ, ರೋಗಿಗೆ ಎರಡೂ ಪಕ್ಕದ ನೋಟ ಮಾಸಿದೆಯೇ, ಕೈಕಾಲು, ದವಡೆ ಮಿತಿಮೀರಿ ಬೆಳೆದಿವೆಯೇ ಎಂಬುದನ್ನು ತಾಳೆ ಹಾಕಿಯೇ ರೋಗ ನಿರ್ಧರಿಸಬೇಕಿತ್ತು. 1909ರಲ್ಲಿ ಹೀಗೆ ಕೈಕಾಲು ಬೆಳೆದಿದ್ದ ರೈತನೊಬ್ಬನ ಗ್ರಂಥಿಯ ಭಾಗವನ್ನು ಕುಶಿಂಗ್ ತೆಗೆದಾಗ ರೋಗಲಕ್ಷಣಗಳು ತಗ್ಗಿದವು. ಗ್ರಂಥಿಯ ಅತಿಚಟುವಟಿಕೆಯೇ ಕಾಯಿಲೆಗೆ ಕಾರಣವೆಂಬ ವಾದಕ್ಕೆ ಇದು ಬಲ ನೀಡಿತು.

ಮೂಗಿನ ಮೂಲಕ ಗ್ರಂಥಿಯನ್ನು ತಲುಪುವ ವಿಧಾನವನ್ನು ಆಸ್ಟ್ರಿಯಾದ ಹರ್ಮನ್ ಶ್ಲೋಫರ್ 1907ರಲ್ಲಿ ತೋರಿಸಿದ್ದರು. ಕುಶಿಂಗ್ ಮೇಲ್ದುಟಿಯ ಒಳಗಿನಿಂದ ಸೀಳಿ ಸಾಗುವ ಮೂಲಕ ಅದನ್ನು ಪರಿಷ್ಕರಿಸಿದರು. 1910ರಿಂದ 1925ರವರೆಗೆ ಈ ದಾರಿಯಲ್ಲಿ 231 ಗಡ್ಡೆಗಳಿಗೆ ಚಿಕಿತ್ಸೆ ನೀಡಿದರು. ಪ್ರತಿಜೀವಕಗಳೇ ಇಲ್ಲದ ಆ ಕಾಲದಲ್ಲಿ ಸಾವಿನ ಪ್ರಮಾಣ ಶೇ 5.6 ಮಾತ್ರ!

ಆದರೆ ಅವರನ್ನು ಕಂಗೆಡಿಸಿದ್ದು ಮತ್ತೊಂದು ಅಪರೂಪದ ಗಡ್ಡೆ: ಕ್ರೇನಿಯೋಫ್ಯಾರಿಂಜಿಯೋಮ. ಭ್ರೂಣಾವಸ್ಥೆಯ ಉಳಿಕೆ ಕೋಶಗಳಿಂದ ಹುಟ್ಟುವ ಇದು ಮಕ್ಕಳನ್ನೂ ಕಾಡುತ್ತದೆ. ದೃಷ್ಟಿನರಕ್ಕೂ ಮೆದುಳಿಗೂ ಅಂಟಿಕೊಳ್ಳುತ್ತದೆ. ಈ ಹೆಸರನ್ನು 1932ರಲ್ಲಿ ಬಳಕೆಗೆ ತಂದವರೇ ಕುಶಿಂಗ್. ಮೇಲ್ಮುಖವಾಗಿ ಬೆಳೆದ ಗಡ್ಡೆಗಳು ಮೂಗಿನ ಇಕ್ಕಟ್ಟಾದ ದಾರಿಯಲ್ಲಿ ಕೈಗೆಟಕುತ್ತಿರಲಿಲ್ಲ. ಹೀಗಾಗಿ 1920ರ ದಶಕದ ಕೊನೆಗೆ ತಾವೇ ಪಳಗಿಸಿದ ದಾರಿಯನ್ನು ಬಿಟ್ಟು, ತಲೆಬುರುಡೆ ತೆರೆಯುವ ವಿಧಾನಕ್ಕೆ ಹೊರಳಿದರು. ಉಳಿದ ಬಹುತೇಕ ವೈದ್ಯರೂ ಅವರನ್ನೇ ಅನುಸರಿಸಿದರು.

ಗ್ರಂಥಿಯ ಪುಟ್ಟ ಗಡ್ಡೆಯಿಂದ ಮುಖ ಊದಿ, ರಕ್ತದೊತ್ತಡ ಏರುವ ಕಾಯಿಲೆಯನ್ನು ಕುಶಿಂಗ್ ವಿವರಿಸಿದ್ದೂ 1932ರಲ್ಲೇ. ಅದಕ್ಕೆ ಅವರದೇ ಹೆಸರಿದೆ. 1939ರ ಅಕ್ಟೋಬರ್ 7ರಂದು ನ್ಯೂ ಹೆವನ್‌ನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮೆದುಳಿನಲ್ಲೇ ಸಣ್ಣದೊಂದು ಗಂಟು ಪತ್ತೆಯಾಯಿತು.

ಅವರು ತೊರೆದ ದಾರಿ ಮಾತ್ರ ಮುಚ್ಚಲಿಲ್ಲ. ಶಿಷ್ಯ ನಾರ್ಮನ್ ಡಾಟ್ ಎಡಿನ್‌ಬರೋದಲ್ಲಿ ಅದನ್ನು ಉಳಿಸಿಕೊಂಡರು. ಅವರಿಂದ ಪ್ಯಾರಿಸ್ಸಿನ ಜೆರಾರ್ ಗಿಯೋ, ಗಿಯೋ ಅವರಿಂದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಕಲಿತರು. 1960ರ ದಶಕದಲ್ಲಿ ಹಾರ್ಡಿ ಸೂಕ್ಷ್ಮದರ್ಶಕವನ್ನು ಜೋಡಿಸಿದರು. ಇಂದು ಎಂಡೋಸ್ಕೋಪ್ ನೆರವಿನಿಂದ ಪಿಟ್ಯುಟರಿ ಗಡ್ಡೆಗಳ ಜತೆಗೆ ಅನೇಕ ಕ್ರೇನಿಯೋಫ್ಯಾರಿಂಜಿಯೋಮಗಳನ್ನೂ ಮೂಗಿನ ಮೂಲಕವೇ ತೆಗೆಯಲಾಗುತ್ತಿದೆ.