ಹಸಿ ಹಾಲು ಅಪಾಯ ಎಂದರೆ ಯಾರೂ ನಂಬಲಿಲ್ಲ, ಕೊನೆಗೆ ಅದೇ ರೋಗ ಇವರನ್ನೂ ಬಿಡಲಿಲ್ಲ: ವಿಜ್ಞಾನಿ ಆಲಿಸ್ ಇವಾನ್ಸ್ ಬದುಕಿನ ಕಥೆ

ನಿಮ್ಮ ಮನೆಗೆ ಬರುವ ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಹಾಲು ಎಂದು ಬರೆದಿರುತ್ತದೆ. ಮುಂಬೈ ಇರಲಿ, ಚೆನ್ನೈ ಇರಲಿ, ದೆಹಲಿ ಇರಲಿ, ಆ ಪದವನ್ನು ಓದಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಈ ವಿಷಯಕ್ಕೆ ದೊಡ್ಡ ಜಗಳವೇ ನಡೆದಿತ್ತು. ಒಂದು ಕಡೆ ಡೈರಿ ಉದ್ಯಮ, ಪಶುವೈದ್ಯರು ಮತ್ತು ಹೆಸರಾಂತ ವಿಜ್ಞಾನಿಗಳು. ಇನ್ನೊಂದು ಕಡೆ ಸರ್ಕಾರಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದ, ಪಿಎಚ್‌ಡಿ ಕೂಡ ಇಲ್ಲದ ಒಬ್ಬ ಮಹಿಳೆ. ಅವರೇ ಆಲಿಸ್ ಇವಾನ್ಸ್.

ಹಳ್ಳಿ ಶಾಲೆಯಿಂದ ಲ್ಯಾಬ್‌ಗೆ

ಆಲಿಸ್ ಹುಟ್ಟಿದ್ದು 1881ರ ಜನವರಿ 29ರಂದು, ಪೆನ್ಸಿಲ್ವೇನಿಯಾ ರಾಜ್ಯದ ನೀತ್ ಎಂಬ ಪುಟ್ಟ ಊರಿನ ರೈತ ಕುಟುಂಬದಲ್ಲಿ. ಓದುವ ಆಸೆ ಇತ್ತು, ಆದರೆ ಕಾಲೇಜಿಗೆ ಹೋಗಲು ಕೈಯಲ್ಲಿ ಹಣವಿರಲಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಸುಲಭವಾಗಿ ಸಿಗುತ್ತಿದ್ದುದು ಶಿಕ್ಷಕಿಯ ಕೆಲಸ. ಹಾಗಾಗಿ ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದರು.

ಅಷ್ಟರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಹಳ್ಳಿ ಶಾಲೆಗಳ ಶಿಕ್ಷಕರಿಗಾಗಿ ಪ್ರಕೃತಿ ಅಧ್ಯಯನದ ಉಚಿತ ಕೋರ್ಸ್ ನಡೆಸುತ್ತಿರುವುದು ಗೊತ್ತಾಯಿತು. ಅಲ್ಲಿಗೆ ಹೋದವರಿಗೆ ವಿಜ್ಞಾನದ ರುಚಿ ಹತ್ತಿತು, ಮತ್ತೆ ಶಾಲೆಗೆ ಮರಳಲಿಲ್ಲ. 1909ರಲ್ಲಿ ಕಾರ್ನೆಲ್‌ನಲ್ಲೇ ಬ್ಯಾಕ್ಟೀರಿಯಾ ವಿಜ್ಞಾನದಲ್ಲಿ ಪದವಿ, 1910ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಪಿಎಚ್‌ಡಿ ಮಾಡುವಂತೆ ಪ್ರಾಧ್ಯಾಪಕರು ಸಲಹೆ ಕೊಟ್ಟರೂ ಆಲಿಸ್ ಕೆಲಸಕ್ಕೆ ಸೇರುವ ನಿರ್ಧಾರ ಮಾಡಿದರು.

ಕೆಲಸ ಸಿಕ್ಕಿದ್ದು ಅಮೆರಿಕದ ಕೃಷಿ ಇಲಾಖೆಯ ಡೈರಿ ವಿಭಾಗದಲ್ಲಿ. ಮೊದಲು ವಿಸ್ಕಾನ್ಸಿನ್‌ನಲ್ಲಿದ್ದ ಅವರು 1913ರಲ್ಲಿ ರಾಜಧಾನಿ ವಾಷಿಂಗ್ಟನ್‌ಗೆ ಬಂದರು. ಆ ವಿಭಾಗದಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಮಹಿಳಾ ವಿಜ್ಞಾನಿ ಇವರೇ.

ಎರಡು ಹೆಸರು, ಒಂದೇ ಕುಟುಂಬ

ಅಲ್ಲಿ ಆಲಿಸ್ ಪಾಲಿಗೆ ಬಂದಿದ್ದು ಆಗ ತಾನೇ ಕರೆದ ಹಾಲಿನಲ್ಲಿ ಯಾವ ಬ್ಯಾಕ್ಟೀರಿಯಾ ಇರುತ್ತದೆ ಎಂದು ನೋಡುವ ಕೆಲಸ. ಹಾಲು ಕೆಡುವುದು ಕರೆದ ನಂತರ, ಕೊಳಕು ಕೈ ಅಥವಾ ಪಾತ್ರೆಯಿಂದ ಮಾತ್ರ ಎಂಬುದು ಅಂದಿನ ನಂಬಿಕೆ. ಕೊಟ್ಟಿಗೆ ಸ್ವಚ್ಛವಾಗಿದ್ದು, ಹಸು ಆರೋಗ್ಯವಾಗಿ ಕಂಡರೆ ಹಸಿ ಹಾಲು ಕುಡಿಯಲು ಯಾವ ತೊಂದರೆಯೂ ಇಲ್ಲ ಎಂದೇ ಎಲ್ಲರೂ ಭಾವಿಸಿದ್ದರು.

ಅದೇ ಹೊತ್ತಿನಲ್ಲಿ ಹಸುಗಳಿಗೆ ಗರ್ಭಪಾತವಾಗುವ ಒಂದು ಸಾಂಕ್ರಾಮಿಕ ರೋಗ ರೈತರನ್ನು ಕಾಡುತ್ತಿತ್ತು. ನಮ್ಮ ಕಡೆ ಕಂದು ರೋಗ ಎನ್ನುತ್ತಾರಲ್ಲ, ಅದೇ. ಡೆನ್ಮಾರ್ಕ್‌ನ ಬರ್ನಾರ್ಡ್ ಬಾಂಗ್ 1897ರಲ್ಲಿ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆ ಮಾಡಿದ್ದರು. ಇದು ದನಗಳ ರೋಗ, ಮನುಷ್ಯರಿಗೂ ಇದಕ್ಕೂ ಸಂಬಂಧವಿಲ್ಲ ಎಂಬ ಅಭಿಪ್ರಾಯವಿತ್ತು.

ಇತ್ತ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಮನುಷ್ಯರಿಗೆ ವಿಚಿತ್ರ ಜ್ವರ ಬರುತ್ತಿತ್ತು. ಅಲೆಯಂತೆ ಏರುವುದು, ಇಳಿಯುವುದು, ಮತ್ತೆ ಏರುವುದು. ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಇದರ ಸೂಕ್ಷ್ಮಾಣು ಕಂಡುಹಿಡಿದರು. ಅದು ಮೇಕೆ ಹಾಲಿನಿಂದ ಹರಡುತ್ತದೆ ಎಂಬುದು 1905ರಲ್ಲಿ ಮಾಲ್ಟಾದ ವೈದ್ಯ ಥೆಮಿಸ್ಟೊಕ್ಲಿಸ್ ಝಮಿಟ್ ಅವರ ಪರೀಕ್ಷೆಗಳಿಂದ ಬಯಲಾಯಿತು.

ಒಂದು ಹಸುವಿನದು, ಇನ್ನೊಂದು ಮೇಕೆಯದು. ಒಂದನ್ನು ಕಡ್ಡಿಯಾಕಾರದ್ದು ಎಂದೂ, ಇನ್ನೊಂದನ್ನು ದುಂಡನೆಯದು ಎಂದೂ ವಿಜ್ಞಾನಿಗಳು ಬೇರೆ ಬೇರೆ ಗುಂಪಿಗೆ ಸೇರಿಸಿದ್ದರು. ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಆಲಿಸ್ ಅದನ್ನೇ ಮಾಡಿದರು. ಎರಡನ್ನೂ ಬೆಳೆಸಿ, ಹೋಲಿಸಿ, ರಕ್ತದ ಸೀರಮ್ ಪರೀಕ್ಷೆ ಮಾಡಿದಾಗ ಅವು ಬಹಳ ಹತ್ತಿರದ ಸಂಬಂಧಿಗಳು ಎಂಬುದು ಗೊತ್ತಾಯಿತು. ಆರೋಗ್ಯವಾಗಿಯೇ ಕಾಣುವ ಹಸುವಿನ ಕೆಚ್ಚಲಿನಿಂದಲೂ ಈ ಬ್ಯಾಕ್ಟೀರಿಯಾ ಹಾಲಿಗೆ ಬರುತ್ತಿತ್ತು.

ಹಾಗಾದರೆ ಹಸುವಿನ ಹಸಿ ಹಾಲು ಕುಡಿದವರಿಗೂ ಮಾಲ್ಟಾ ಜ್ವರದಂಥ ಕಾಯಿಲೆ ಬರಬಹುದಲ್ಲವೇ? 1917ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಆಲಿಸ್ ಈ ಫಲಿತಾಂಶ ಮಂಡಿಸಿದರು. ಮರುವರ್ಷ ಪ್ರಬಂಧ ಪ್ರಕಟವಾಯಿತು.

ನಂಬದವರೇ ಹೆಚ್ಚು

ಪ್ರತಿಕ್ರಿಯೆ ಮಾತ್ರ ತಣ್ಣಗಿತ್ತು. ಇಷ್ಟು ದೊಡ್ಡ ವಿಷಯ ನಿಜವಾಗಿದ್ದರೆ ದೊಡ್ಡ ದೊಡ್ಡ ವಿಜ್ಞಾನಿಗಳ ಕಣ್ಣಿಗೆ ಇಷ್ಟು ದಿನ ಬೀಳುತ್ತಿರಲಿಲ್ಲವೇ ಎಂಬುದು ಹಲವರ ವಾದ. ಪಾಶ್ಚರೀಕರಣ ಯಂತ್ರ ಮಾರುವ ಕಂಪನಿಗಳ ಜೊತೆ ಆಲಿಸ್ ಕೈಜೋಡಿಸಿದ್ದಾರೆ ಎಂಬ ಗುಮಾನಿಯನ್ನೂ ಡೈರಿ ವಲಯ ಹರಿಬಿಟ್ಟಿತು.

ವಿರೋಧಿಸಿದವರಲ್ಲಿ ಥಿಯೋಬಾಲ್ಡ್ ಸ್ಮಿತ್ ಕೂಡ ಇದ್ದರು. ಅವರೇನು ಸಾಮಾನ್ಯ ವ್ಯಕ್ತಿಯಲ್ಲ. ದನಗಳ ಜ್ವರವೊಂದು ಉಣ್ಣೆಗಳಿಂದ ಹರಡುತ್ತದೆ ಎಂದು ತೋರಿಸಿಕೊಟ್ಟವರು, ಮನುಷ್ಯರ ಕ್ಷಯಕ್ಕೂ ದನಗಳ ಕ್ಷಯಕ್ಕೂ ಇರುವ ವ್ಯತ್ಯಾಸ ಗುರುತಿಸಿದವರು. ಅಂಥವರೇ ಅನುಮಾನ ವ್ಯಕ್ತಪಡಿಸಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ?

ವಿರೋಧಿಗಳ ಇನ್ನೊಂದು ಪ್ರಶ್ನೆಯೂ ಮೇಲ್ನೋಟಕ್ಕೆ ಸರಿ ಎನಿಸುತ್ತಿತ್ತು. ಇಷ್ಟೊಂದು ಜನ ಹಸಿ ಹಾಲು ಕುಡಿಯುತ್ತಿದ್ದಾರೆ, ಹಾಗಾದರೆ ರೋಗಿಗಳು ಎಲ್ಲಿ? ಅಸಲಿ ಸಮಸ್ಯೆ ಇದ್ದದ್ದೇ ಇಲ್ಲಿ. ರೋಗಿಗಳು ಇದ್ದರು, ಆದರೆ ಅವರನ್ನು ಯಾರೂ ಹುಡುಕುತ್ತಿರಲಿಲ್ಲ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು, ಸುಸ್ತು. ಇದನ್ನು ನೋಡಿದ ವೈದ್ಯರು ಮಲೇರಿಯಾ, ಟೈಫಾಯ್ಡ್, ಫ್ಲೂ ಎಂದು ಬರೆದುಕೊಳ್ಳುತ್ತಿದ್ದರು. ಲೆಕ್ಕಕ್ಕೇ ಸಿಗದ ರೋಗ ಇಲ್ಲವೇ ಇಲ್ಲ ಎಂದಾಗಿಬಿಟ್ಟಿತ್ತು.

ಸ್ವತಃ ರೋಗಿಯಾದ ವಿಜ್ಞಾನಿ

1918ರಲ್ಲಿ ಆಲಿಸ್ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಹೈಜೀನಿಕ್ ಲ್ಯಾಬೊರೇಟರಿ ಸೇರಿದರು. ಇಂದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ಬೆಳೆದದ್ದು ಈ ಲ್ಯಾಬ್‌ನಿಂದಲೇ. ಮೊದಲ ಮಹಾಯುದ್ಧದ ಆ ದಿನಗಳಲ್ಲಿ ಮೆದುಳು ಪೊರೆಯ ಉರಿಯೂತದ ಕುರಿತು ಕೆಲಸ ಮಾಡಿ, ನಂತರ ಹಳೆಯ ವಿಷಯಕ್ಕೆ ಮರಳಿದರು.

1922ರಲ್ಲಿ ಲ್ಯಾಬ್‌ನಲ್ಲಿ ಕೆಲಸ ಮಾಡುವಾಗಲೇ ಅವರಿಗೆ ಈ ಸೋಂಕು ತಗುಲಿತು. ಜ್ವರ ಬರುವುದು, ಹೋಗುವುದು, ಕೆಲ ದಿನ ಚೆನ್ನಾಗಿರುವುದು, ಮತ್ತೆ ಹಾಸಿಗೆ ಹಿಡಿಯುವುದು. ಹೀಗೆ ಸುಮಾರು ಎರಡು ದಶಕ ನರಳಿದರು. ಆದರೆ ವೈದ್ಯರು ಹೇಳಿದ್ದೇನು ಗೊತ್ತೇ? ಇದು ನರದೌರ್ಬಲ್ಯ, ಅಂದರೆ ದೇಹದಲ್ಲಿ ರೋಗವೇ ಇಲ್ಲ ಎಂಬ ಅರ್ಥ. ಆ ರೋಗದ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದಿದ್ದವರಿಗೇ ಈ ಮಾತು ಕೇಳಬೇಕಾಯಿತು. ವರ್ಷಗಳ ನಂತರ ಅವರ ದೇಹದಿಂದಲೇ ಆ ಬ್ಯಾಕ್ಟೀರಿಯಾ ಬೆಳೆಸಿ ತೆಗೆದ ಮೇಲಷ್ಟೇ ವೈದ್ಯರು ಒಪ್ಪಿದರು.

ಹುಡುಕಿದಾಗ ಸಿಕ್ಕಿತು

ಅಷ್ಟರಲ್ಲಿ ಪರಿಸ್ಥಿತಿ ಬದಲಾಗುತ್ತಿತ್ತು. 1920ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಜ್ಞಾನಿ ಕಾರ್ಲ್ ಮೇಯರ್ ತಂಡ ಆಲಿಸ್ ಫಲಿತಾಂಶ ಸರಿ ಎಂದು ದೃಢಪಡಿಸಿತು. ಡೇವಿಡ್ ಬ್ರೂಸ್ ನೆನಪಿಗೆ ಈ ಬ್ಯಾಕ್ಟೀರಿಯಾ ಕುಟುಂಬಕ್ಕೆ ಬ್ರುಸೆಲ್ಲಾ ಎಂಬ ಹೆಸರು ಬಂತು, ರೋಗ ಬ್ರುಸೆಲ್ಲೋಸಿಸ್ ಆಯಿತು. 1924ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಿಂದ ಇಂಥ ಒಬ್ಬ ರೋಗಿಯ ವರದಿ ಬಂತು. ನಂತರ ಪರೀಕ್ಷೆ ಮಾಡಿದ ಕಡೆಯೆಲ್ಲ ರೋಗಿಗಳು ಸಿಗತೊಡಗಿದರು.

1928ರಲ್ಲಿ ಅದೇ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘ ಆಲಿಸ್ ಅವರನ್ನು ಅಧ್ಯಕ್ಷರನ್ನಾಗಿ ಆಯ್ಕೆ ಮಾಡಿತು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. 1930ರ ದಶಕದ ಹೊತ್ತಿಗೆ ಡೈರಿ ಉದ್ಯಮವೂ ಪಾಶ್ಚರೀಕರಣ ಒಪ್ಪಿಕೊಂಡಿತು. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದರೆ ಬ್ರುಸೆಲ್ಲಾ ಸಾಯುತ್ತದೆ. ಹಾಲಿನಿಂದ ಹರಡುತ್ತಿದ್ದ ಕ್ಷಯ, ಟೈಫಾಯ್ಡ್ ಭಯವೂ ಈ ಬದಲಾವಣೆಗೆ ಕಾರಣ, ಎಲ್ಲ ಶ್ರೇಯಸ್ಸು ಒಬ್ಬರದೇ ಅಲ್ಲ. ಆದರೆ ಸ್ವಚ್ಛ ಕೊಟ್ಟಿಗೆ, ಗಟ್ಟಿಮುಟ್ಟಾದ ಹಸು ಇದ್ದರೆ ಸಾಕು ಎಂಬ ಕೊನೆಯ ವಾದವನ್ನು ಮುರಿದದ್ದು ಆಲಿಸ್.

ಅಮೆರಿಕದಲ್ಲಿ 1947ರಲ್ಲಿ 6,300ಕ್ಕೂ ಹೆಚ್ಚು ಬ್ರುಸೆಲ್ಲೋಸಿಸ್ ಪ್ರಕರಣಗಳು ದಾಖಲಾಗಿದ್ದವು. ಪಾಶ್ಚರೀಕರಣ ಹಾಗೂ ದನಗಳಲ್ಲಿ ರೋಗ ನಿಯಂತ್ರಣದಿಂದಾಗಿ ಇಂದು ಅದು ವರ್ಷಕ್ಕೆ ನೂರರ ಆಸುಪಾಸಿಗೆ ಇಳಿದಿದೆ.

85ರ ವಯಸ್ಸಿನಲ್ಲೂ ಸುಮ್ಮನಾಗಲಿಲ್ಲ

1945ರಲ್ಲಿ ಆಲಿಸ್ ನಿವೃತ್ತರಾದರು. ಅವರ ಹಟ ಮಾತ್ರ ನಿವೃತ್ತಿಯಾಗಲಿಲ್ಲ. 1966ರಲ್ಲಿ ವೃದ್ಧರ ಆರೋಗ್ಯ ವಿಮೆ ಮೆಡಿಕೇರ್‌ಗೆ ಅರ್ಜಿ ಹಾಕುವಾಗ, ಕಮ್ಯುನಿಸ್ಟ್ ನಂಟಿಲ್ಲ ಎಂದು ಬರೆದುಕೊಡಬೇಕೆಂಬ ಷರತ್ತು ಕಂಡಿತು. ಇದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಅವರು ಪ್ರಶ್ನಿಸಿದರು. ಮರುವರ್ಷ ಸರ್ಕಾರವೇ ಆ ಷರತ್ತು ಸಂವಿಧಾನಕ್ಕೆ ಸರಿಹೊಂದುವುದಿಲ್ಲ ಎಂದು ಒಪ್ಪಿಕೊಂಡಿತು. 1975ರ ಸೆಪ್ಟೆಂಬರ್ 5ರಂದು, 94ನೇ ವಯಸ್ಸಿನಲ್ಲಿ ಅವರು ನಿಧನರಾದರು.

ನಮಗೇಕೆ ಈ ಕಥೆ?

ಬ್ರುಸೆಲ್ಲೋಸಿಸ್ ಭಾರತದಿಂದ ಇನ್ನೂ ಹೋಗಿಲ್ಲ. ಕಾಲುಬಾಯಿ ಜ್ವರದ ಜೊತೆಗೆ ಕಂದು ರೋಗವನ್ನೂ ನಿಯಂತ್ರಿಸಲು ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಇದರಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಲಾಗುತ್ತದೆ. ಮನುಷ್ಯರಿಗೆ ಹಾಕುವ ಲಸಿಕೆ ಬಳಕೆಯಲ್ಲಿಲ್ಲ. ಪಶುವೈದ್ಯರು, ಹೈನುಗಾರರು, ಕಸಾಯಿಖಾನೆ ಮತ್ತು ಲ್ಯಾಬ್ ಸಿಬ್ಬಂದಿಗೆ ಅಪಾಯ ಹೆಚ್ಚು.

ಹಾಲು ಉಕ್ಕಿಸಿಯೇ ಕುಡಿಯುವ ನಮ್ಮ ಅಡುಗೆಮನೆಯ ಅಭ್ಯಾಸ ಎಷ್ಟೋ ಮನೆಗಳನ್ನು ಕಾಪಾಡಿದೆ. ಈಗ ನಗರಗಳಲ್ಲಿ ಕಾಯಿಸದ ಹಾಲು ಸಹಜ, ಶುದ್ಧ ಎಂಬ ಮಾತು ಕೇಳಿಬರುತ್ತಿದೆ. ನೇರ ಫಾರ್ಮ್‌ನಿಂದ ಹಾಲು ತರಿಸುವುದಾದರೆ ತರಿಸಿ, ಕುದಿಸುವುದನ್ನು ಮಾತ್ರ ಬಿಡಬೇಡಿ. ವಾರಗಟ್ಟಲೆ ಜ್ವರ ಬಂದು ಹೋಗುತ್ತಿದ್ದರೆ, ಹಸಿ ಹಾಲು ಕುಡಿದಿದ್ದರೆ ಅಥವಾ ದನಕರುಗಳ ಒಡನಾಟವಿದ್ದರೆ ಅದನ್ನು ವೈದ್ಯರಿಗೆ ತಪ್ಪದೇ ತಿಳಿಸಿ. ಕೇಳದ ಹೊರತು ಈ ರೋಗದ ನೆನಪು ಯಾರಿಗೂ ಬರುವುದಿಲ್ಲ.